ಸಹಾಯ ಬೇಕು: ಮ್ಯೂನಿಕ್‌ನಲ್ಲಿ ವಿದೇಶಿಯರ ಕೂಟಗಳಿಗೆ ಹೋಗುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದ ನಿಮಿತ್ತ ಮ್ಯೂನಿಕ್‌ಗೆ ಬಂದು ಎಂಟು ತಿಂಗಳಾಯಿತು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕುಟುಂಬ ವೀಸಾದಲ್ಲಿ ಬಂದರೂ ಇಲ್ಲಿ ದುಡಿಯಲು ಅಡ್ಡಿಯಿಲ್ಲ. ಪರಿಚಯದವರಿಲ್ಲ, ಅದೇ ತೊಡಕು.

ಹಾಗಾಗಿ ಕಳೆದ ಗುರುವಾರ ಮರೀನ್‌ಪ್ಲಾಟ್ಸ್ ಹತ್ತಿರ ನಡೆದ ವಿದೇಶಿಯರ ವ್ಯವಹಾರ ಕೂಟವೊಂದಕ್ಕೆ 15 ಯೂರೊ ತೆತ್ತು ಹೋದೆ. ಎದೆಗೆ ಹೆಸರಿನ ಚೀಟಿ ಅಂಟಿಸಿದರು. ಅದರಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು, ಇರಲಿ. ಒಂದು ಕೈಯಲ್ಲಿ ಸೇಬಿನ ರಸದ ಲೋಟ, ಇನ್ನೊಂದರಲ್ಲಿ ತಟ್ಟೆ. ಕೈ ಕುಲುಕಲು ಮೂರನೆಯ ಕೈ ಎಲ್ಲಿಂದ ತರಲಿ? ಎರಡು ಗಂಟೆಯಲ್ಲಿ ಹನ್ನೊಂದು ವಿಸಿಟಿಂಗ್ ಕಾರ್ಡ್ ಸಿಕ್ಕವು. ಮನೆಗೆ ಬಂದು ನೋಡಿದರೆ ಏಳು ವಿಮೆ, ಹೂಡಿಕೆ ಮಾರುವವರವು!

ಬಲ್ಲವರು ತಿಳಿಸಿ. ವಿದೇಶಿಯರನ್ನು ಒಂದುಗೂಡಿಸುವ ಜಾಲ ಇಂಟರ್‌ನೇಷನ್ಸ್ ಹುಟ್ಟಿದ್ದೇ ಈ ಊರಿನಲ್ಲಿ, 2007ರಲ್ಲಿ. ಅದರ ಕೂಟಗಳು ಸ್ನೇಹಕ್ಕಷ್ಟೇ ಸರಿಯೋ, ಕೆಲಸಕ್ಕೂ ದಾರಿಯಾಗುತ್ತವೆಯೋ? ವಾಣಿಜ್ಯ ಮಂಡಳಿ ಐಎಚ್‌ಕೆ ಏರ್ಪಡಿಸುವ ಸಭೆಗಳಿಗೆ ನನ್ನ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಸಾಕಾದೀತೇ? ಅಲ್ಲಿ ಜರ್ಮನ್‌ನ ‘ಜೀ’ (ನೀವು) ಎನ್ನುತ್ತಾ ಬಹುವಚನದಲ್ಲೇ ಇರಬೇಕೇ, ಅವರೇ ‘ದೂ’ (ನೀನು) ಎಂದರೆ ನಾನೂ ಏಕವಚನಕ್ಕಿಳಿಯಬಹುದೇ? ಹಿರಿಯರನ್ನು ‘ನೀನು’ ಎನ್ನಲು ನನ್ನ ನಾಲಿಗೆಯೇ ಏಳುವುದಿಲ್ಲ. ಕಾರ್ಡ್ ಕೊಟ್ಟವರಿಗೆ ಮರುದಿನವೇ ಬರೆದರೆ ಆತುರಗಾರ್ತಿ ಎಂದುಕೊಳ್ಳುತ್ತಾರೆಯೇ?

ಮುಂದಿನ ಕೂಟ ಇದೇ 20ಕ್ಕೆ, ಸಂಜೆ ಏಳಕ್ಕೆ. ಜೊತೆಗೆ ಬರುವವರಿದ್ದರೆ ಇಲ್ಲೇ ತಿಳಿಸಿ. ಸೆಂಡ್ಲಿಂಗರ್ ಟೋರ್ ನಿಲ್ದಾಣದಲ್ಲಿ ಕಾಯುತ್ತೇನೆ.