ಅಂಗನವಾಡಿ ಗ್ವಾಡಿಗೆ ಚಿತ್ರ ಬರೀಬೇಕು, ಪ್ಲಾಸ್ಟಿಕ್ ಪೇಂಟ್ ಬ್ಯಾಡ, ಕಣ್ಣಿಲ್ಲದವರಿಗೂ ತಿಳೀಬೇಕು, ಹ್ಯಾಂಗ ಮಾಡೋಣ?

ಕೆರಿ_ಓಣಿ
ನಮಸ್ಕಾರ್ರಿ. ನಮ್ದು ಕಲಬುರಗಿ, ಅಪ್ಪನ ಕೆರಿ ಕಡಿ ಓಣಿ. ಅಂಗನವಾಡಿ ಕಂಪೌಂಡ್ ಗ್ವಾಡಿ ಸುಮಾರು 60 ಫೂಟ್ ಉದ್ದ ಅದ, ಹೋದ ವರ್ಷ ರೊಕ್ಕ ಕೂಡಿಸಿ ಒಬ್ಬರ ಕೈಲಿ ಅಕ್ರಿಲಿಕ್ ಪೇಂಟಿನಾಗ ಚಿತ್ರ ಬರೆಸಿದ್ವಿ, ಒಂದ್ ಬ್ಯಾಸಿಗಿ ತಡೀಲಿಲ್ಲ, ಹಪ್ಪಳದಂಗ ಎದ್ದು ಚೂರು ಎಲ್ಲಾ ಚರಂಡಿಗೆ ಬಿತ್ತು. ಈ ಸಲ 15 ಸಾವಿರ ಕೂಡ್ಯದ. ಕೆಲವರು ಫ್ಲೆಕ್ಸ್ ಹಾಕ್ರಿ ಅಂತಾರ, ನಂಗ ಮನಸಿಲ್ಲ.

ಇನ್ನೊಂದ್ ಮಾತು. ಬಾಜೂ ಮನಿ ಆಯಿಗೆ ಕಣ್ಣು ಕಾಣಂಗಿಲ್ಲ. ಹೋದ ಸಲ ಎಲ್ಲರೂ ನೋಡಿ ಛಲೋ ಆಗ್ಯದ ಅನ್ನಾಕತ್ತಾಗ ಆಕಿ ಬಂದು ಗ್ವಾಡಿ ಮ್ಯಾಲ ಕೈ ಆಡಿಸಿ, "ನಂಗ ಗ್ವಾಡಿ ಮೊದಲಿನಂಗೇ ಅದ ನೋಡಪಾ" ಅಂದ್ಲು. ಅದು ಮನಸಿನಾಗ ಕುಂತುಬಿಟ್ಟದ. ತಿಳಿದವರು ಹೇಳ್ರಿ.

ಬೋರ್ಡ್_ಬರಿಯಾಂವ
ಫ್ಲೆಕ್ಸ್ ಮಾತು ಬಿಡ್ರಿ, ನಮ್ಮ ರಾಜ್ಯದಾಗ ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ಬಂದ್ ಅದ. ನಾ ಇಪ್ಪತ್ತು ವರ್ಷ ಕುಂಚ ಹಿಡಿದಾಂವ, ನನ್ನ ಮಾತು ಕೇಳ್ರಿ, ಸುಣ್ಣಕ್ಕ ಹೋಗ್ರಿ. ಸುಣ್ಣ ಬರೀ ಒಣಗಿ ಬಣ್ಣ ಹಿಡಿಯೋದಲ್ಲ, ಗಾಳ್ಯಾಗಿನ ಕಾರ್ಬನ್ ಡೈಆಕ್ಸೈಡ್ ಎಳಕೊಂಡು ಮತ್ತ ಕಲ್ಲಾಗ್ತದ, ಆ ಕಲ್ಲಿನಾಗ ಬಣ್ಣ ಕುಂತುಬಿಡ್ತದ, ಅದಕ್ಕ ಅದು ಹಪ್ಪಳದಂಗ ಏಳಂಗಿಲ್ಲ. ಆದ್ರ ಹಳೀ ಅಕ್ರಿಲಿಕ್ ಮ್ಯಾಲ ಬಳಿದ್ರ ನಿಲ್ಲಂಗೇ ಇಲ್ಲ, ಸಿಮೆಂಟ್ ಕಾಣೂತನಕ ಕೆರೀಬೇಕು, ಕೆರೆಯೋಮುಂದ ತೆಳಗ ತಾಡಪತ್ರಿ ಹಾಸಿ ಚೂರು ಎಲ್ಲಾ ಚೀಲಕ್ಕ ತುಂಬ್ರಿ.

ಸುಣ್ಣದ ಹಳ್ಳು ನೀರಿಗೆ ಹಾಕಿದ್ರ ಕುದೀತದ, ಹುಡುಗುರನ್ನ ಹತ್ರ ಬಿಡಬ್ಯಾಡ್ರಿ, ಕಣ್ಣಿಗೆ ಸಿಡಿದ್ರ ಕಣ್ಣೇ ಹೋಗ್ತದ. ಒಂದ್ ವಾರ ನೆನಸಿ ಅರಬ್ಯಾಗ ಸೋಸ್ರಿ. ಬಣ್ಣಕ್ಕ ಕೆಮ್ಮಣ್ಣು, ಹಳದಿ ಮಣ್ಣು, ಇದ್ದಲಿ ಪುಡಿ, ಸುಣ್ಣದ ಹತ್ತನೇ ಒಂದು ಭಾಗ ದಾಟಬ್ಯಾಡ್ರಿ. ಅರಿಶಿಣ ಬ್ಯಾಡ, ಸುಣ್ಣಕ್ಕ ಬಿದ್ದ ಕೂಡ್ಲೆ ಕೆಂಪಾಗ್ತದ, ಬಿಸಲಿಗೆ ಹೋಗಿಬಿಡ್ತದ. ಮತ್ತ ನಮ್ಮ ಊರ ಬಿಸಲು 42 ಡಿಗ್ರಿ ಇದ್ದಾಗ ಬಳಿದ್ರ ಸುಣ್ಣ ಕಲ್ಲಾಗೂ ಮೊದಲೇ ನೀರು ಹಾರಿ ಪುಡಿ ಆಗಿ ಕೈಗೆ ಹತ್ತತದ. ದೀಪಾವಳಿ ಆದ ಮ್ಯಾಲ ಮಾಡ್ರಿ, ಗ್ವಾಡಿ ತೊಯ್ಸಿ ಸಂಜಿಗೆ ಬಳೀರಿ, ಮೂರ್ ದಿನ ನೀರು ಚಿಮುಕಿಸ್ರಿ.

ಅಂಗನವಾಡಿ ಗೇಟಿಗೆ ಆಯಿಲ್ ಪೇಂಟ್ ಹೊಡೀತಿದ್ರ ಡಬ್ಬಿ ಓದಿ ತಗೋರಿ. 2017ರಿಂದ ಮನಿ ಪೇಂಟಿನಾಗ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಾಗ 90 ಭಾಗ) ದಾಟಬಾರದು ಅಂತ ಕಾಯ್ದೆ ಅದ, ಸಣ್ಣ ಹುಡುಗುರು ಗೇಟ್ ನೆಕ್ಕತಾವ್ರಿ.

ಎಸ್.ಎಂ. ಪಂಡಿತರು ನಮ್ಮ ಊರಾಗೇ 1916ರಾಗ ಹುಟ್ಟಿದವರು, ಅವರ ಚಿತ್ರ ಕ್ಯಾಲೆಂಡರಿನಾಗ ಅಚ್ಚಾಗಿ ಬಡವರ ಅಡಗಿ ಮನಿತನಾ ಹೋದ್ವು. ಚಿತ್ರ ಜನರ ಹತ್ರ ಹೋಗೋದು ಈ ಊರಿಗೆ ಹೊಸದಲ್ಲ.

ಜೋಳದ_ಅಕ್ಕ
ತಮ್ಮಾ, ಬರಿಯಾಂವ ಒಬ್ಬ, ನೋಡವರು ಓಣಿ ಮಂದಿ, ಇದೇ ನಂಗ ಸೇರಂಗಿಲ್ಲ. ಮಣ್ಣೆತ್ತಿನ ಅಮಾಸಿಗೆ ನಾವು ಎಲ್ಲಾರೂ ಎರಿಮಣ್ಣಾಗ ಎತ್ತು ಮಾಡ್ತೀವಿಲ್ಲ, ಯಾರೂ ಆರ್ಟಿಸ್ಟ್ ಕರೆಸಂಗಿಲ್ಲ. ಗ್ವಾಡಿ ಒಂದ್ ಭಾಗ, ಛಾವಣಿ ತೆಳಗ ಮಳಿ ಬೀಳದಲ್ಲಿ, ಹೆಣ್ಮಕ್ಕಳು ಹುಡುಗುರು ಕೂಡಿ ಮಣ್ಣಿನಾಗ ಉಬ್ಬು ಚಿತ್ರ ಮಾಡ್ರಿ. ಬರೀ ಎರಿಮಣ್ಣು ಒಣಗಿದ್ರ ಸೀಳ್ತದ, ಉಸುಕು, ಹೊಟ್ಟು, ಸೆಗಣಿ ಹಾಕಿ ತುಳೀಬೇಕು. ವರ್ಷ ವರ್ಷ ಹೊಸದಾಗಿ ಮಾಡ್ರಿ, ಹಳೀದು ಕಿತ್ತು ನೆನಸಿದ್ರ ಅದೇ ಮಣ್ಣು ಮತ್ತ ಬರ್ತದ. ಆಯಿಗೂ ಕೂಡ್ಸಿ ಕೈಗೆ ಮಣ್ಣು ಕೊಡ್ರಿ, ಆಕಿಗೆ ನಿಮಗಿಂತ ಛಲೋ ಎತ್ತು ಮಾಡ್ಲಿಕ್ಕೆ ಬರ್ತದ ನೋಡ್ರಿ.

ಮಂದದೃಷ್ಟಿ
ನಂಗ ಪೂರಾ ಕಾಣಂಗಿಲ್ಲ, ದೊಡ್ಡ ಅಕ್ಷರ ಮಾಡಿ ಟೈಪ್ ಮಾಡ್ಲಕತ್ತೀನಿ. ಮುಟ್ಟೋ ಚಿತ್ರ ಮಾಡ್ತೀರಿ ಅಂದ್ರ ಮೊದಲು ಹೇಳೋದು, ಉತ್ತರ ಮುಖದ ಗ್ವಾಡಿ ಇಲ್ಲಾ ಬೇವಿನ ನೆರಳು ಹುಡುಕ್ರಿ. ಮಧ್ಯಾಹ್ನ ಬಿಸಲಿಗೆ ಕಾಯ್ದ ಕಲ್ಲು ಮುಟ್ಟಿದ್ರ ಕೈ ಸುಡ್ತದ, ಇದು ಕಾಣೋರಿಗೆ ಹೊಳೆಯಂಗಿಲ್ಲ. ನೆಲದಿಂದ ಎರಡೂವರಿ ಫೂಟಿನಿಂದ ನಾಕು ಫೂಟಿನೊಳಗ ಇರ್ಲಿ, ಸಣ್ಣ ಹುಡುಗುರಿಗೂ ಗಾಲಿ ಕುರ್ಚಿಯವರಿಗೂ ಎಟುಕ್ತದ. ಮುಂದ ಬೈಕ್ ನಿಲ್ಲಿಸಿದ್ರ ಎಲ್ಲಾ ವ್ಯರ್ಥ, ಮೊದಲು ಆ ಜಾಗ ಖಾಲಿ ಮಾಡಸ್ರಿ. ಬ್ರೈಲ್ (ಬೆರಳಿಲೆ ಮುಟ್ಟಿ ಓದೋ ಚುಕ್ಕಿ ಲಿಪಿ) ಒಂದೇ ನಂಬಬ್ಯಾಡ್ರಿ, ವಯಸ್ಸಾದ ಮ್ಯಾಲ ಕಣ್ಣು ಹೋದವರಿಗೆ ಅದು ಬರಂಗಿಲ್ಲ, ಪಕ್ಕಕ್ಕ ನಿಂತು ಹೇಳವರು ಒಬ್ಬರು ಬೇಕು.

ಪಾಲಿಕೆಗೆ ಅರ್ಜಿ ಕೊಡೋಮುಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 29ನೇ ಕಲಂ ಬರೀರಿ, ಕಲೆ ನಮಗೂ ಸಿಗೂ ಹಂಗ ಮಾಡ್ಬೇಕು ಅಂತ ಅದರಾಗ ಅದ. ಇದು ನಮ್ಮ ಹಕ್ಕು ಅಂತ ಕೇಳ್ರಿ.

ಕೆರಿ_ಓಣಿ
ಎಲ್ಲರಿಗೂ ಶರಣು. ಅಂಗನವಾಡಿ ಒಳಗಿನ ಪಡಸಾಲಿ ಗ್ವಾಡಿ ಉತ್ತರಕ್ಕ ಅದ, ಮ್ಯಾಲ ಪತ್ರಾನೂ ಅದ, ಅಕ್ಕಾರು ಹೇಳಿದ ಮಣ್ಣಿಂದು ಅಲ್ಲೇ ಮಾಡ್ತೀವಿ. ಹೊರಗ ರೋಡ್ ಕಡಿ ಸುಣ್ಣ. ಹೊರಗೂ ಮುಟ್ಟೂವಂಥಾದ್ದು ಒಂದ್ ಪಟ್ಟಿ ಇರ್ಲಿ ಅಂತ ಆಸೆ, ಬೇವಿನ ಗಿಡದ ತೆಳಗ ಹತ್ತು ಫೂಟ್ ನೆರಳದ. ಶಹಾಬಾದ ಕಡಿ ಫರಸಿ ಕಟ್ ಮಾಡೋಲ್ಲಿ ಒಡೆದ ತುಂಡು ರಾಶಿ ಬಿದ್ದಿರ್ತಾವ, ಅವು ನಡೀತಾವೇನ್ರಿ?

ಬೋರ್ಡ್_ಬರಿಯಾಂವ
ಭರ್ತಿ ನಡೀತಾವ. ಒಂದ್ ಕಡಿ ಪಾಲಿಶ್ ಇದ್ದದ್ದು, ಒಂದ್ ಕಡಿ ಒರಟು ಇದ್ದದ್ದು ಬ್ಯಾರೆ ಬ್ಯಾರೆ ಆರಿಸಿ ತರ್ರಿ, ಕೈಗೆ ಫರಕ್ ಗೊತ್ತಾಗ್ತದ, ಕೆರಿ ಚಿತ್ರ ಮಾಡಿದ್ರ ನೀರಿಗೆ ನುಣುಪು, ದಂಡಿಗೆ ಒರಟು. ಅಂಚು ಎಲ್ಲಾ ತಿಕ್ಕಿ ಮೊಂಡ ಮಾಡ್ರಿ, ಬೆರಳು ಕೊಯ್ದಾವು. ಕಟ್ಟಿದ ಮ್ಯಾಲ ಸಿಮೆಂಟ್ ಕಲೆ ತೆಗೀಲಿಕ್ಕೆ ಆಸಿಡ್ ಹಾಕಬ್ಯಾಡ್ರಿ, ಫರಸಿನೂ ಸುಣ್ಣದ ಕಲ್ಲೇ, ತಿಂದುಬಿಡ್ತದ. ಐತವಾರ ನಾ ಖಾಲಿ ಇರ್ತೀನಿ, ಗ್ವಾಡಿ ಕೆರೆಯೋ ದಿನ ಹೇಳ್ರಿ, ಬರ್ತೀನಿ.