ಮದುವೆ ಹಿಂದಿನ ಸಂಜೆಯ ಊಟಕ್ಕೆ ಜಾಗ ಹುಡುಕುವವರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಮನೆತನದ ಜೊತೆ ಬೀಗತನ ಬೆಳೆಸುವವರು ನಮ್ಮಲ್ಲಿ ಈಗ ಜಾಸ್ತಿ. ರಿಹರ್ಸಲ್ ಡಿನ್ನರ್, ಅಂದರೆ ಮದುವೆ ಹಿಂದಿನ ಸಂಜೆ ಮದುವೆಯ ಅಭ್ಯಾಸ ಆದ ಮೇಲಿನ ಊಟ, ಎಲ್ಲಿ ಮಾಡಿಸೋದು ಅಂತ ಹಲವರು ಕೇಳುತ್ತಿರುತ್ತಾರೆ. ಹೋದ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಮಗನ ಮದುವೆ ಆಯಿತು. ಆಗ ಕಲಿತದ್ದನ್ನು ಬರೆಯುತ್ತಿದ್ದೇನೆ.

ವಾಡಿಕೆಯಂತೆ ಈ ಊಟ ಗಂಡಿನ ಕಡೆಯವರದು. ನಮ್ಮೂರಲ್ಲಿ ಹಿಂದಿನ ಸಂಜೆ ವರಪೂಜೆಗೆ ಹೆಣ್ಣಿನ ಮನೆಯವರೇ ನಮ್ಮನ್ನು ಎದುರುಗೊಂಡು ಪಾನಕ ಕೊಡುತ್ತಾರೆ ಅಲ್ವಾ? ಇಲ್ಲಿ ಉಲ್ಟಾ. ಮಗ ಹೇಳುವವರೆಗೂ ನನಗೆ ಗೊತ್ತಿರಲಿಲ್ಲ.

ಮೊದಲು ಜನ ಎಷ್ಟು ಅಂತ ಗಟ್ಟಿ ಮಾಡಿಕೊಳ್ಳಿ. ಮದುವೆ ನಡೆಯುವ ಜಾಗದಲ್ಲಿ ಯಾರು ಯಾರ ಹಿಂದೆ ನಡೆದು ಬರಬೇಕು ಅಂತ ಅಭ್ಯಾಸ ಮಾಡಿಸುತ್ತಾರೆ. ಅದರಲ್ಲಿ ಇರುವವರು, ಎರಡೂ ಮನೆಯವರು, ಮದುವೆ ಮಾಡಿಸುವವರು, ಇಷ್ಟೇ ಜನ ಊಟಕ್ಕೆ. ನಮ್ಮ ಪಟ್ಟಿ 30ರಲ್ಲಿ ಶುರುವಾಗಿ 70ಕ್ಕೆ ಹೋಯಿತು. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡೋದು ನಮಗೆ ಕಷ್ಟ. ಕೊನೆಗೆ ಮಗನೇ ಕೂತು, "ಅಮ್ಮ, ಉಳಿದವರೆಲ್ಲ ಮರುದಿನ ಬರ್ತಾರೆ, ಅವತ್ತು ಎರಡು ಮನೆಯವರು ಮಾತಾಡಬೇಕು" ಅಂದ. 34ಕ್ಕೆ ನಿಲ್ಲಿಸಿದೆವು. ಅವನು ಹೇಳಿದ್ದೇ ಸರಿ.

ಜಾಗದ ವಿಷಯದಲ್ಲಿ ನಾನು ಎಡವಿದೆ. ಒಂದು ರೆಸ್ಟೋರೆಂಟನ್ನು ಮಂಗಳವಾರ ಮಧ್ಯಾಹ್ನ ನೋಡಿ ಬಂದೆ. ಚೆಂದ ಇತ್ತು, ಶಾಂತವಾಗಿತ್ತು. ಸುಮ್ನೆ ಇನ್ನೊಂದು ಸಲ ನೋಡೋಣ ಅಂತ ಶುಕ್ರವಾರ ಸಂಜೆ ಹೋದರೆ, ಬಾರ್ ಗಲಾಟೆ ಆ ಕೋಣೆಗೇ ನುಗ್ಗುತ್ತಿತ್ತು. ಕೋಣೆಗೆ ಬಾಗಿಲೇ ಇರಲಿಲ್ಲ, ಬರೀ ಪರದೆ. ಊಟದ ಮಧ್ಯೆ ಎದ್ದು ನಿಂತು ಮಾತಾಡುವವರು ಇರುತ್ತಾರೆ, ಒಂದು ಪದವೂ ಕೇಳಿಸುತ್ತಿರಲಿಲ್ಲ. ಕೊಟ್ಟಿದ್ದ ಮುಂಗಡ ಬಿಟ್ಟು ಬೇರೆ ಕಡೆ ಹುಡುಕಿದೆವು. ಆದ್ದರಿಂದ ನಿಮ್ಮ ಊಟ ಯಾವ ವಾರ, ಯಾವ ಹೊತ್ತಿಗೋ ಅದೇ ಹೊತ್ತಿಗೆ ಹೋಗಿ ನೋಡಿ.

ಕೋಣೆಗೆ ಬಾಡಿಗೆ ಇಲ್ಲ ಅಂತಾರೆ, ಆದರೆ ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಅಂತ ಇರುತ್ತದೆ. ಅದರ ಮೇಲೆ ಸರ್ವಿಸ್ ಚಾರ್ಜ್, ಜೊತೆಗೆ ನ್ಯೂಜೆರ್ಸಿ ರಾಜ್ಯದ 6.625% ತೆರಿಗೆ. ಎಲ್ಲ ಸೇರಿಸಿದ ಒಟ್ಟು ಮೊತ್ತವನ್ನು ಬರಹದಲ್ಲಿ ತರಿಸಿಕೊಳ್ಳಿ. ನ್ಯೂಜೆರ್ಸಿಯಲ್ಲಿ ಒಂದು ಅನುಕೂಲ ಇದೆ. ಹೊಸ ಬಾರ್ ಲೈಸೆನ್ಸ್ ಊರಿನ 3,000 ಜನಕ್ಕೆ ಒಂದರಂತೆ ಮಾತ್ರ ಕೊಡುತ್ತಾರೆ. ಹಾಗಾಗಿ ಎಷ್ಟೋ ಒಳ್ಳೆ ರೆಸ್ಟೋರೆಂಟ್‌ಗಳಿಗೆ ಲೈಸೆನ್ಸ್ ಇಲ್ಲ, ವೈನ್ ನಾವೇ ತಗೊಂಡು ಹೋಗಬಹುದು. ನಾವು ಅಂಥ ಕಡೆಯೇ ಮಾಡಿದೆವು, ತುಂಬಾ ಉಳಿಯಿತು.

ಮುಹೂರ್ತ ಬೆಳಗ್ಗೆ ಇದ್ದರೆ ಊಟ ಒಂಬತ್ತಕ್ಕೆ ಮುಗಿಯಲಿ. ಮದುಮಗಳು ನಾಲ್ಕಕ್ಕೇ ಏಳಬೇಕು.

ಕೂರುವ ವ್ಯವಸ್ಥೆ ಮಾತ್ರ ದಯವಿಟ್ಟು ನೀವೇ ನೋಡಿಕೊಳ್ಳಿ. ಬಿಟ್ಟರೆ ಅವರವರು ಒಂದೊಂದು ಕಡೆ ಕೂತುಬಿಡುತ್ತಾರೆ. ಹಾಸನದಿಂದ ಬಂದಿದ್ದ ನಮ್ಮ ಅತ್ತೆಯನ್ನು ಸೊಸೆಯ ಅಜ್ಜಿಯ ಪಕ್ಕ ಕೂರಿಸಿದೆ. ಇವರಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಮನೆಯಿಂದ ತಂದಿದ್ದ ಕೋಸಂಬರಿಯನ್ನು ಅತ್ತೆ ಅವರ ತಟ್ಟೆಗೆ ಬಡಿಸಿದರು. ಆ ಅಜ್ಜಿ ಪರ್ಸಿನಿಂದ ತಮ್ಮ ಮದುವೆಯ ಹಳೇ ಫೋಟೋ ತೆಗೆದು ತೋರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕೈಯಿಂದ ಎರಡು ಹಸಿರು ಬಳೆ ತೆಗೆದು ಅವರ ಕೈಗೆ ತೊಡಿಸಿದರು.