ಲ್ಯಾಮಿಂಗ್ಟನ್ ಕೇಕ್ ಹುಟ್ಟಿದ್ದು ಆಕಸ್ಮಿಕವಾಗಿಯೇ?

ಪ್ರಶ್ನೆ:
ಸ್ಪಂಜ್ ಕೇಕಿನ ಚೌಕ ತುಂಡುಗಳನ್ನು ಚಾಕೊಲೇಟ್ ಐಸಿಂಗಿನಲ್ಲಿ ಅದ್ದಿ, ಒಣ ಕೊಬ್ಬರಿ ತುರಿಯಲ್ಲಿ ಹೊರಳಿಸಿ ಮಾಡುವ ಆಸ್ಟ್ರೇಲಿಯಾದ ಲ್ಯಾಮಿಂಗ್ಟನ್ ಬಗ್ಗೆ ಓದಿದಾಗಲೆಲ್ಲ ಒಂದು ಕಥೆ ಎದುರಾಗುತ್ತದೆ: ಕ್ವೀನ್ಸ್‌ಲ್ಯಾಂಡಿನ ಗವರ್ನರರ ಮನೆಗೆ ಹೇಳದೆ ಕೇಳದೆ ಅತಿಥಿಗಳು ಬಂದಾಗ, ಅಡುಗೆಯವರು ಹಿಂದಿನ ದಿನ ಉಳಿದಿದ್ದ ಕೇಕನ್ನೇ ಹೀಗೆ ಸಿಂಗರಿಸಿ ಬಡಿಸಿದರಂತೆ. ಇದನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ತಿನಿಸಿಗೆ ಹಳೆಯ ಕೇಕೇ ಆಗಬೇಕೆ?

ಮೊದಲ ಉತ್ತರ:
ಹೆಸರಿನ ಮೂಲ ಆ ಮನೆತನದ್ದೇ ಎಂಬುದನ್ನು ಬಹುತೇಕರು ಒಪ್ಪುತ್ತಾರೆ. ಲಾರ್ಡ್ ಲ್ಯಾಮಿಂಗ್ಟನ್ 1896ರಿಂದ 1901ರವರೆಗೆ ಕ್ವೀನ್ಸ್‌ಲ್ಯಾಂಡಿನ ಗವರ್ನರ್ ಆಗಿದ್ದರು. 1903ರಲ್ಲಿ ಮುಂಬಯಿಗೆ ಗವರ್ನರ್ ಆಗಿ ಬಂದವರೂ ಇವರೇ. ಆದರೆ ಕೇಕಿಗೆ ಅವರ ಪತ್ನಿಯ ಹೆಸರನ್ನಿಟ್ಟರೆಂಬ ವಾದವೂ ಇದೆ. ಅವರ ಫ್ರೆಂಚ್ ಅಡುಗೆಯವ ಆರ್ಮಾಂಡ್ ಗಲ್ಲಾಂಡ್ ಇದನ್ನು ಸೃಷ್ಟಿಸಿದನೆಂಬುದು ಹೆಚ್ಚು ಪ್ರಚಲಿತವಾದ ಹೇಳಿಕೆಯಾದರೂ, ಕ್ವೀನ್ಸ್‌ಲ್ಯಾಂಡಿನ ಟೂವೂಂಬಾ ಮತ್ತು ಇಪ್ಸ್‌ವಿಚ್ ಪಟ್ಟಣಗಳೆರಡೂ ಕೇಕ್ ಹುಟ್ಟಿದ್ದು ತಮ್ಮಲ್ಲೇ ಎಂದು ಹಕ್ಕು ಸಾಧಿಸುತ್ತಿರುವುದನ್ನು ನೋಡಿದರೆ, ಆಕಸ್ಮಿಕದ ಕಥೆಗಳೆಲ್ಲ ನಂತರ ಹೆಣೆದವೆಂದೇ ನನಗನ್ನಿಸುತ್ತದೆ. ಗಟ್ಟಿ ಆಧಾರವೆಂದರೆ ಅಚ್ಚಾದ ಪಾಕವಿಧಾನಗಳು. 1900ರ ಹೊತ್ತಿಗಾಗಲೇ ಕ್ವೀನ್ಸ್‌ಲ್ಯಾಂಡಿನ ಪತ್ರಿಕೆಯೊಂದರಲ್ಲಿ ಲ್ಯಾಮಿಂಗ್ಟನ್ ಕೇಕಿನ ವಿಧಾನ ಪ್ರಕಟವಾಗಿತ್ತು.

ಎರಡನೆಯ ಉತ್ತರ:
ಇದು ಮೂಲತಃ ನ್ಯೂಜಿಲೆಂಡಿನದು, ಅಲ್ಲಿ ಇದರ ಹೆಸರು ‘ವೆಲ್ಲಿಂಗ್ಟನ್’ ಆಗಿತ್ತು ಎಂಬ ಸುದ್ದಿಯೂ ಹರಿದಾಡುತ್ತದೆ. ಅದು 2014ರ ಏಪ್ರಿಲ್ 1ರಂದು ಪತ್ರಿಕೆಯೊಂದು ಮಾಡಿದ ತಮಾಷೆ. ರಾಸ್ಪ್‌ಬೆರಿಯ ಗುಲಾಬಿ ಲೇಪದ ಲ್ಯಾಮಿಂಗ್ಟನ್ ಮಾತ್ರ ನ್ಯೂಜಿಲೆಂಡಿನಲ್ಲಿ ನಿಜವಾಗಿಯೂ ಜನಪ್ರಿಯ.

ಮೂರನೆಯ ಉತ್ತರ:
ಕಥೆ ಸುಳ್ಳೇ ಇರಲಿ, ಹಿಂದಿನ ದಿನದ ಕೇಕ್ ಬೇಕೆಂಬುದು ಸರಿ. ಆಗಷ್ಟೇ ಬೆಂದ ಕೇಕ್ ಮೆತ್ತಗಿರುವುದರಿಂದ ಅದ್ದಿದ ಕೂಡಲೇ ಪುಡಿಯಾಗಿ ಐಸಿಂಗನ್ನೂ ಕೆಡಿಸುತ್ತದೆ. ಒಂದು ದಿನ ಆರಿದ್ದು ಗಟ್ಟಿಯಾಗಿ ನಿಲ್ಲುತ್ತದೆ. ಐಸಿಂಗ್ ಸಕ್ಕರೆ, ಕೊಕೊ ಪುಡಿ, ಬೆಣ್ಣೆ ಮತ್ತು ಬಿಸಿ ಹಾಲು ಸೇರಿಸಿದ ಲೇಪ ನೀರಾಗಿರಬೇಕು, ಏಕೆಂದರೆ ಅದು ಕೇಕಿನ ಅಂಚಿನೊಳಗೆ ತುಸು ಇಳಿದಾಗಲೇ ಹೊರಗೆ ತೇವ, ಒಳಗೆ ಹಗುರ ಎಂಬ ಆ ಸೊಗಸು ಸಿಗುತ್ತದೆ. ನಡುವೆ ಜಾಮ್ ಹಾಗೂ ಕೆನೆ ತುಂಬುವವರಿದ್ದಾರೆ. ನನ್ನ ಮಟ್ಟಿಗೆ ಕೆನೆ ಅನಗತ್ಯ, ಜಾಮ್‌ನ ಹುಳಿ ಮಾತ್ರ ಸಿಹಿಯನ್ನು ಹದಕ್ಕೆ ತರುತ್ತದೆ. ಆಸ್ಟ್ರೇಲಿಯಾದ ಶಾಲೆಗಳು ಮತ್ತು ಸ್ಕೌಟ್ ತಂಡಗಳು ನಿಧಿ ಸಂಗ್ರಹಕ್ಕಾಗಿ ನಡೆಸುವ ‘ಲ್ಯಾಮಿಂಗ್ಟನ್ ಡ್ರೈವ್’ಗಳಲ್ಲಿ ಡಜನ್ ಲೆಕ್ಕದಲ್ಲಿ ಮಾರುವುದು ಸಾಮಾನ್ಯವಾಗಿ ಏನನ್ನೂ ತುಂಬದ ಸಾದಾ ಲ್ಯಾಮಿಂಗ್ಟನ್‌ಗಳನ್ನೇ.